ಕಡಲಾಚೆಯ ನೋಟು, ಘಟ್ಟದ ಮೇಲಿನ ನಂಟು

ಅಂಚೆಚೀಟಿ ಕೂಡಿಸುವ ಹವ್ಯಾಸ ನಮ್ಮ ಊರುಗಳಿಗೆ ಹೊಸದಲ್ಲ. ಹಳೆಯ ನಾಣ್ಯಗಳನ್ನು ಡಬ್ಬಿಯಲ್ಲಿಟ್ಟು ಕಾಯುವ ಹಿರಿಯರೂ ಅಲ್ಲಲ್ಲಿ ಸಿಗುತ್ತಾರೆ. ಆದರೆ ಕಾಗದದ ನೋಟುಗಳನ್ನು ಕೂಡಿಸುವವರು ವಿರಳ. ನೋಟು ಇರುವುದು ಖರ್ಚಿಗೆ, ಕೂಡಿಡುವುದಾದರೆ ಅದು ಬ್ಯಾಂಕಿನಲ್ಲಿರಲಿ ಎಂಬುದು ಗೃಹಸ್ಥರ ಮತ. ಅದು ಸರಿಯಾದ ಮತವೇ. ಆದರೆ ಚಲಾವಣೆ ನಿಂತ ನೋಟಿನ ಗತಿಯೇನು? ಅದರಿಂದ ಒಂದು ಬೆಂಕಿಪೊಟ್ಟಣವೂ ದೊರೆಯದು. ಆದರೂ ಅದನ್ನು ಕಸಕ್ಕೆ ಹಾಕಬೇಡಿರಿ ಎಂದು ನಾನು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಹಣವಾಗಿ ಸತ್ತ ನೋಟು ದಾಖಲೆಯಾಗಿ ಹುಟ್ಟುತ್ತದೆ. ಬನವಾಸಿಯ ಶಿಲಾಶಾಸನವನ್ನು ಓದುವುದಕ್ಕೆ ಲಿಪಿಶಾಸ್ತ್ರ ಬಲ್ಲವರು ಬೇಕು. ನೋಟನ್ನು ಓದುವುದಕ್ಕೆ ಎರಡು ಕಣ್ಣುಗಳೂ ಸ್ವಲ್ಪ ಸಾವಧಾನವೂ ಸಾಕು. ಕೊಟ್ಟವರು ಯಾರು, ಯಾರ ಮುಖವನ್ನು ಅಚ್ಚಿಸಿದರು, ಯಾವ ಭಾಷೆಯಲ್ಲಿ ಮಾತು ಕೊಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಅದು ತನ್ನ ಕಾಲದ ಕಥೆಯನ್ನು ತಾನೇ ಹೇಳುತ್ತದೆ.

ಇಂದು ನಾನು ನಿಮ್ಮೆದುರು ಇಡಬೇಕೆಂದಿರುವುದು ಆಫ್ರಿಕಾ ಖಂಡದ ಮೊಜಾಂಬಿಕ್ ದೇಶದ ನೋಟುಗಳನ್ನು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದವರಿಗೆ ಮೊಜಾಂಬಿಕ್ ಏಕೆ ಎಂದು ನೀವು ಕೇಳಬಹುದು. ಬಾನುಲಿಯ ಸುದ್ದಿಯಲ್ಲಿ ಎಂದೋ ಒಮ್ಮೆ ಆ ಹೆಸರು ಕಿವಿಗೆ ಬಿದ್ದಿರಬಹುದು. ೨೦೧೯ರ ಮಾರ್ಚಿಯಲ್ಲಿ ಚಂಡಮಾರುತವೊಂದು ಅಲ್ಲಿಯ ಬೈರಾ ಬಂದರನ್ನು ಹಾಳುಗೆಡವಿದಾಗ ನಮ್ಮ ನೌಕಾಪಡೆಯ ಹಡಗುಗಳು ನೆರವಿಗೆ ಹೋಗಿದ್ದವು. ಆದರೆ ನಂಟು ಅದಕ್ಕಿಂತ ಬಹಳ ಹಳೆಯದು. ನಮ್ಮ ಕಾಡಿನೊಳಗೇ ಇರುವಂಥದು. ಅದನ್ನು ತಿಳಿಯಲು ಮೊದಲು ನಮ್ಮ ಸೀಮೆಯ ಹಣದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ನೋಡಿಬರೋಣ.

'ಹಣ' ಎಂಬ ಮಾತನ್ನು ನಾವು ಇಂದು ಎಲ್ಲ ಬಗೆಯ ದುಡ್ಡಿಗೂ ಬಳಸುತ್ತೇವೆ. ಮೊದಲು ಅದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ವರಹ, ಗದ್ಯಾಣ, ಹೊನ್ನು ಇವೆಲ್ಲ ಹಾಗೆಯೇ ನಾಣ್ಯಗಳು. ಗದ್ಯಾಣವೆಂಬುದು ತೂಕದ ಹೆಸರೂ ಹೌದು, ನಾಣ್ಯದ ಹೆಸರೂ ಹೌದು. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ. ಇಕ್ಕೇರಿಯ ನಾಯಕರ ವರಹದ ಮೇಲೆ ಶಿವಪಾರ್ವತಿಯರ ಚಿತ್ರವಿತ್ತು. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದನು. ಗೆದ್ದವನು ಹಳೆಯ ನಾಣ್ಯವನ್ನು ಕರಗಿಸಿ ತನ್ನದನ್ನು ಅಚ್ಚುಹಾಕುವುದು ಲೋಕರೂಢಿ. ಹೈದರನು ಹಾಗೆ ಮಾಡಲಿಲ್ಲ. ಒಂದು ಮುಖದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಪಾರಸಿ ಲಿಪಿಯಲ್ಲಿ ಒತ್ತಿಸಿದನು. ಜನರ ನಂಬಿಕೆ ಇದ್ದುದು ಹಳೆಯ ಚಿತ್ರದಲ್ಲಿ. ಅಧಿಕಾರ ಬಂದುದು ಹೊಸ ಅಕ್ಷರಕ್ಕೆ. ಒಂದೇ ನಾಣ್ಯದಲ್ಲಿ ಎರಡು ಆಳಿಕೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತವು.

ಅದೇ ದಂಡಯಾತ್ರೆಯ ಮುಂದುವರಿಕೆಯಲ್ಲಿ ನಮ್ಮ ಶಿರಸಿಯ ಬಳಿಯ ಸೋದೆಯ ಅರಸುತನವೂ ಮುಳುಗಿತು. ಅರಸನು ಘಟ್ಟವಿಳಿದು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. ಫೋಂಡೆಯ ಬಳಿಯ ಬಾಂದಿವಡೆಯಲ್ಲಿ ಆ ಮನೆತನ ನೆಲೆಸಿತು. ಸೋದೆಯ ಕೈಯಲ್ಲಿದ್ದ ಗೋವೆಯ ಕಡೆಯ ಸೀಮೆಗಳು ಪೋರ್ಚುಗೀಸರ ಪಾಲಾದವು. ಶಿರಸಿ ತಾಲೂಕಿಗೂ ಗೋವೆಗೂ ಇರುವ ನಂಟಿನಲ್ಲಿ ಇದೊಂದು ಎಳೆ. ಇನ್ನೊಂದು ಎಳೆ ಇದಕ್ಕಿಂತ ನೋವಿನದು; ಅದು ಮುಂದೆ ಬರುತ್ತದೆ.

ಕಾಗದದ ಹಣ ನಮ್ಮ ಸೀಮೆಗೆ ಬಂದುದು ಬಹಳ ತಡವಾಗಿ. ೧೮೬೧ರ ಶಾಸನದಂತೆ ನೋಟು ಹೊರಡಿಸುವ ಹಕ್ಕನ್ನು ಬ್ರಿಟಿಷ್ ಇಂಡಿಯಾ ಸರಕಾರ ತಾನೇ ವಹಿಸಿಕೊಂಡಿತು. ಮರುವರ್ಷದಿಂದ ರಾಣಿ ವಿಕ್ಟೋರಿಯಾಳ ಚಿತ್ರವುಳ್ಳ ಸರಕಾರಿ ನೋಟುಗಳು ಹೊರಬಿದ್ದವು. ಅದೇ ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಕಡೆಯ ಹತ್ತಿ ನಮ್ಮ ಘಟ್ಟಗಳನ್ನಿಳಿದು ಕಡಲಿಗೆ ಹೋಗುತ್ತಿದ್ದ ಕಾಲ ಅದು. ಅಮೆರಿಕೆಯ ಅಂತರ್ಯುದ್ಧದಿಂದ ಹತ್ತಿಗೆ ಬೇಡಿಕೆ ಏರಿತ್ತು. ಕಾರವಾರ ಬಂದರಿನ ಮೇಲೆ ಮುಂಬಯಿಯ ಕಣ್ಣಿತ್ತು.

ಆಗಿನ ನೋಟು ಇಂದಿನಂತೆ ದೇಶವೆಲ್ಲ ನಡೆಯುವಂಥದಲ್ಲ. ಕಲಕತ್ತೆ, ಮುಂಬಯಿ, ಮದರಾಸು ಎಂದು ವೃತ್ತಗಳನ್ನು ಮಾಡಿದ್ದರು. ಯಾವ ವೃತ್ತದ ನೋಟೋ ಆ ವೃತ್ತದಲ್ಲಿಯೇ ಅದನ್ನು ಬೆಳ್ಳಿಗೆ ಬದಲಿಸಿಕೊಳ್ಳುವ ಹಕ್ಕು. ಮದರಾಸಿನ ನೋಟು ಹಿಡಿದವನು ಮುಂಬಯಿಯ ಖಜಾನೆಯಲ್ಲಿ ಹಕ್ಕಿನಿಂದ ರೂಪಾಯಿ ಕೇಳುವಂತಿರಲಿಲ್ಲ. ೧೯೦೩ರಿಂದ ೧೯೧೧ರೊಳಗೆ ಐದು, ಹತ್ತು, ಐವತ್ತು, ನೂರರ ನೋಟುಗಳು ಒಂದೊಂದಾಗಿ ಎಲ್ಲ ಕಡೆಗೂ ಸಲ್ಲುವಂತಾದವು.

ಬೆಳ್ಳಿಯ ರೂಪಾಯಿ ಒಂದು ತೊಲೆ ತೂಗುತ್ತಿತ್ತು. ಎಂಬತ್ತು ತೊಲೆಗೆ ಸೇರು, ನಲವತ್ತು ಸೇರಿಗೆ ಮಣ ಎಂಬ ಸರಕಾರಿ ಲೆಕ್ಕದಲ್ಲಿ ೩,೨೦೦ ರೂಪಾಯಿಗೆ ಒಂದು ಮಣವಾಯಿತು. ಹತ್ತು ಸಾವಿರ ರೂಪಾಯಿ ಘಟ್ಟ ಏರಬೇಕಾದರೆ ಮೂರು ಮಣ ಐದು ಸೇರು ಬೆಳ್ಳಿಯನ್ನು ಎತ್ತಿನ ಬೆನ್ನಿನ ಮೇಲೋ ಗಾಡಿಯಲ್ಲೋ ಕಾವಲಿಟ್ಟು ತರಬೇಕು. ನೋಟಾದರೆ ಅಂಗಿಯ ಒಳಜೇಬಿನಲ್ಲಿ ಬರುತ್ತದೆ. ಅಂಚೆಯಲ್ಲಿ ಕಳಿಸುವವರು ಇನ್ನೊಂದು ಉಪಾಯ ಮಾಡುತ್ತಿದ್ದರು. ನೋಟನ್ನು ನಡುವೆ ಕತ್ತರಿಸಿ ಒಂದರ್ಧವನ್ನು ಮೊದಲು ಕಳಿಸುವುದು. ಅದು ಮುಟ್ಟಿತೆಂಬ ಪತ್ರ ಬಂದಮೇಲೆ ಉಳಿದರ್ಧವನ್ನು ಕಳಿಸುವುದು. ದಾರಿಯಲ್ಲಿ ಕದ್ದವನಿಗೆ ಅರ್ಧ ನೋಟಿನಿಂದ ಏನೂ ದಕ್ಕದು. ನಡುವೆ ಅಂಟಿಸಿದ ಗುರುತುಳ್ಳ ಅಂಥ ನೋಟುಗಳು ಇಂದು ಸಂಗ್ರಾಹಕರಿಗೆ ಪ್ರಿಯವಾಗಿವೆ. ೧೯೧೭ರ ನವೆಂಬರ್ ೩೦ರಂದು ಮೊದಲ ಮಹಾಯುದ್ಧದ ಬೆಳ್ಳಿಯ ಅಭಾವದಲ್ಲಿ ಒಂದು ರೂಪಾಯಿಯ ನೋಟು ಹುಟ್ಟಿತು. ಅದರ ಮೇಲೆ ಎಂಟು ದೇಶಭಾಷೆಗಳಲ್ಲಿ ಮೌಲ್ಯವನ್ನು ಅಚ್ಚಿಸಿದ್ದರು. ಕನ್ನಡಕ್ಕೂ ಆ ಸಾಲಿನಲ್ಲಿ ಎಡೆ ಸಿಕ್ಕಿತು. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಆರಂಭವಾದಾಗ ಅಡಿಕೆಯ ಲೆಕ್ಕವನ್ನು ನೋಟಿನಲ್ಲಿ ಎಣಿಸುವ ಕಾಲ ಬಂದಿತ್ತು.

ಇನ್ನು ನೆರೆಯ ಗೋವೆಯ ಕಡೆಗೆ ತಿರುಗೋಣ. ಅಲ್ಲಿ ನಡೆಯುತ್ತಿದ್ದ ಹಣದ ಹೆಸರೂ ರೂಪಾಯಿಯೇ. ಪೋರ್ಚುಗೀಸರ ಬಾಯಲ್ಲಿ 'ರೂಪಿಯಾ'. ೧೯೦೬ರಲ್ಲಿ ಅಲ್ಲಿ ನೋಟು ಹೊರಡಿಸುವ ಹಕ್ಕು ಬಾಂಕೊ ನಾಸಿಯೊನಾಲ್ ಉಲ್ಟ್ರಮರಿನೊ ಎಂಬ ಬ್ಯಾಂಕಿಗೆ ದೊರೆಯಿತು. ಹೆಸರನ್ನು ಕನ್ನಡಿಸಿದರೆ 'ಕಡಲಾಚೆಯ ರಾಷ್ಟ್ರೀಯ ಬ್ಯಾಂಕು' ಎಂದಾದೀತು. ೧೮೬೪ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದ ಈ ಬ್ಯಾಂಕಿನ ಕೆಲಸವೇ ಪೋರ್ಚುಗಲ್ಲಿನ ವಸಾಹತುಗಳಿಗೆ ಹಣ ಒದಗಿಸುವುದು. ಗೋವೆಯ ರೂಪಿಯಾ ನೋಟನ್ನು ಕೊಟ್ಟವರೂ ಇವರೇ, ಮೊಜಾಂಬಿಕ್‌ನ ಎಸ್ಕುಡೊ ನೋಟನ್ನು ಕೊಟ್ಟವರೂ ಇವರೇ. ಹೀಗಾಗಿ ಎರಡೂ ದೇಶಗಳ ಹಳೆಯ ನೋಟುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಬಸಿರಿನ ಮಕ್ಕಳೆಂದು ಗುರುತು ಹತ್ತುತ್ತದೆ. ಹಡಗಿನ ಚಿತ್ರವುಳ್ಳ ಅದೇ ಬ್ಯಾಂಕಿನ ಮುದ್ರೆ. ಅದೇ ಪೋರ್ಚುಗೀಸ್ ಮಾತು. ಗೋವೆಯಲ್ಲಿ ೧೯೫೯ರ ಸುಮಾರಿಗೆ ರೂಪಿಯಾ ಹೋಗಿ ಎಸ್ಕುಡೊ ಬಂತು. ಒಂದು ರೂಪಿಯಾಕ್ಕೆ ಆರು ಎಸ್ಕುಡೊ. ಆದ್ದರಿಂದಲೇ ಅಲ್ಲಿ ಮೂವತ್ತು, ಅರವತ್ತು, ಮುನ್ನೂರು, ಆರುನೂರರ ವಿಚಿತ್ರವಾದ ನೋಟುಗಳು ಕಾಣಿಸಿಕೊಂಡವು. ಅವುಗಳ ಮೇಲಿನ ಮುಖ ೧೫೧೦ರಲ್ಲಿ ಗೋವೆಯನ್ನು ಹಿಡಿದ ಅಫೊನ್ಸೊ ದ ಆಲ್ಬುಕರ್ಕನದು. ೧೯೬೧ರ ಡಿಸೆಂಬರ್ ೧೯ರಂದು ಗೋವೆ ಬಿಡುಗಡೆಯಾಯಿತು. ಆ ನೋಟುಗಳ ಆಯುಷ್ಯ ಮೂರು ವರ್ಷವೂ ತುಂಬಲಿಲ್ಲವೆನ್ನಬಹುದು.

ಗೋವೆಗೂ ಮೊಜಾಂಬಿಕ್‌ಗೂ ಇದ್ದ ಸಂಬಂಧ ಬ್ಯಾಂಕಿನದಷ್ಟೇ ಅಲ್ಲ. ೧೭೫೨ರವರೆಗೆ ಮೊಜಾಂಬಿಕ್‌ನ ಆಡಳಿತ ನಡೆಯುತ್ತಿದ್ದುದೇ ಗೋವೆಯ ವೈಸರಾಯನ ಕೈಕೆಳಗೆ. ಎರಡು ದಂಡೆಗಳ ನಡುವೆ ಹಡಗುಗಳು ಬಟ್ಟೆ, ದಂತ, ಚಿನ್ನಗಳನ್ನು ಹೊತ್ತವು. ಅವುಗಳೊಂದಿಗೆ ಮನುಷ್ಯರನ್ನೂ ಹೊತ್ತವು. ಪೂರ್ವ ಆಫ್ರಿಕೆಯ ಕರಾವಳಿಯಿಂದ ಹಿಡಿದು ತಂದವರನ್ನು ಗೋವೆಯಲ್ಲಿ ಗುಲಾಮರನ್ನಾಗಿ ಮಾರಿದರು. ಸರಕಿಗೆ ಬೆಲೆ ಕಟ್ಟುವಂತೆ ಆಳಿಗೂ ಬೆಲೆ ಕಟ್ಟಿದರು. ಅವರಲ್ಲಿ ಹಲವರು ಒಡೆಯರ ಹಿಂಸೆ ತಾಳಲಾರದೆ ತಪ್ಪಿಸಿಕೊಂಡು ಗಡಿ ದಾಟಿ ನಮ್ಮ ಸಹ್ಯಾದ್ರಿಯ ದಟ್ಟ ಕಾಡನ್ನು ಹೊಕ್ಕರು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಶಿರಸಿ, ಮುಂಡಗೋಡುಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಬಂಧುಗಳು ಅವರ ಸಂತತಿ. ಸಿದ್ದಿಗಳ ಪೂರ್ವಿಕರೆಲ್ಲ ಒಂದೇ ದೇಶದಿಂದ, ಒಂದೇ ಕಾಲದಲ್ಲಿ ಬಂದವರಲ್ಲ. ಆದರೆ ಪೋರ್ಚುಗೀಸರ ಹಡಗುಗಳು ಹೊರಡುತ್ತಿದ್ದ ಮುಖ್ಯ ದಂಡೆ ಮೊಜಾಂಬಿಕ್‌ನದು. ಈಗ ನಿಮಗೆ ನಂಟು ಗೊತ್ತಾಗಿರಬೇಕು.

ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರಿಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯ ಬಗೆಯೊಂದನ್ನು, ಪೇಟೆಯಲ್ಲಿ ಕನ್ನಡವನ್ನು ಆಡುತ್ತಾರೆ. ಅವರ ಡಮಾಮಿಯ ಬಡಿತ, ಹೆಂಗಸರು ಹಳೆಯ ಬಟ್ಟೆಗಳನ್ನು ಜೋಡಿಸಿ ಹೊಲಿಯುವ ಕೌದಿಯ ಬಣ್ಣ ನಮ್ಮ ಜಿಲ್ಲೆಯ ಸಂಪತ್ತು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ೨೦೨೦ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ನಮ್ಮ ರಾಜ್ಯದ ಶಾಸನಸಭೆಯ ಮೆಟ್ಟಿಲು ಏರಿದವರಲ್ಲಿ ಅವರೇ ಮೊದಲಿಗರು.

ಹಾಗಾದರೆ ಸಮುದ್ರದ ಆ ದಂಡೆಯಲ್ಲಿ ಉಳಿದವರ ಕಥೆ ಏನಾಯಿತು? ನೋಟುಗಳನ್ನು ಒಂದರ ಮುಂದೊಂದು ಇಟ್ಟು ಓದೋಣ.

ಮೊದಲ ಸಾಲಿನಲ್ಲಿ ವಸಾಹತಿನ ನೋಟುಗಳು. ಹಲವು ನೋಟುಗಳ ಹಿಂಬದಿಯಲ್ಲಿ ದಂಡೆಯ ಮೇಲೆ ನಿಂತ ಒಬ್ಬ ಹೆಣ್ಣು. ಅವಳೆದುರು ಕಡಲಿನಲ್ಲಿ ಬೇರೆಬೇರೆ ಕಾಲದ ಹಡಗುಗಳು. ಅಚ್ಚಿಸಿದವರಿಗೆ ಅದು ತಮ್ಮ ನಾವಿಕರ ಕೀರ್ತಿಯ ಚಿತ್ರ. ಯಲ್ಲಾಪುರದ ಕಾಡಿನಲ್ಲಿ ನಿಂತು ನೋಡುವವನಿಗೆ ಅದೇ ಹಡಗು ಬೇರೆ ಏನನ್ನೋ ಹೇಳುತ್ತದೆ. ಮುಂಬದಿಯ ಮುಖಗಳು ಇನ್ನೂ ಸ್ಪಷ್ಟ. ೧೯೪೦ರ ದಶಕದ ನೋಟುಗಳಲ್ಲಿ ಆಂಟೋನಿಯೊ ಎನೆಸ್. ೧೮೯೫ರಲ್ಲಿ ರಾಜನ ಪ್ರತಿನಿಧಿಯಾಗಿ ಬಂದು ಗಾಝಾ ನಾಡಿನ ದೊರೆ ಗುಂಗುನ್ಯಾನೆಯನ್ನು ಮುರಿಯುವ ದಂಡಯಾತ್ರೆ ನಡೆಸಿದವನು. ೧೯೬೧ರ ನೂರರ ನೋಟಿನಲ್ಲಿ ಐರಿಸ್ ದ ಒರ್ನೆಲಾಸ್, ೧೯೬೭ರ ಐನೂರರ ನೋಟಿನಲ್ಲಿ ಕಾಲ್ಡಾಸ್ ಶವಿಯೆರ್. ಇಬ್ಬರೂ ಅದೇ ದಂಡಯಾತ್ರೆಗಳ ಕಾಲದ ಸೇನಾಧಿಕಾರಿಗಳು. ಗೆಲ್ಲಿಸಿಕೊಂಡವರ ಕೈಯಲ್ಲಿ ಗೆದ್ದವರ ಮುಖ! ಮೀನು ಕೊಳ್ಳಲೂ ಉಪ್ಪು ಕೊಳ್ಳಲೂ ಆ ಮುಖವನ್ನೇ ಎಣಿಸಿ ಕೊಡಬೇಕು.

ಎರಡನೆಯ ಸಾಲಿನಲ್ಲಿರುವುದು ಸಂಗ್ರಾಹಕನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಬೇಕಾದ ನೋಟು. ಹತ್ತು ವರ್ಷಗಳ ಸಶಸ್ತ್ರ ಹೋರಾಟದ ತರುವಾಯ ೧೯೭೫ರ ಜೂನ್ ೨೫ರಂದು ಮೊಜಾಂಬಿಕ್ ಸ್ವತಂತ್ರವಾಯಿತು. ಹೊಸ ಸರಕಾರಕ್ಕೆ ಹೊಸ ನೋಟು ಅಚ್ಚುಹಾಕಿಸಲು ಸಮಯವೆಲ್ಲಿ? ೧೯೭೬ರಲ್ಲಿ ಹಳೆಯ ನೋಟುಗಳ ಮೇಲೆಯೇ 'ಬಾಂಕೊ ದ ಮೊಸಾಂಬಿಕ್' ಎಂದು ಹೊಸ ಬ್ಯಾಂಕಿನ ಹೆಸರನ್ನು ಒತ್ತಿ ಹೊರಡಿಸಿದರು. ಕೆಳಗೆ ವಸಾಹತಿನ ಸೇನಾಧಿಕಾರಿಯ ಮುಖ, ಮೇಲೆ ಸ್ವತಂತ್ರ ದೇಶದ ಹೆಸರು! ನಮ್ಮ ಹೈದರನ ವರಹ ನಿಮಗೆ ನೆನಪಾಗಲಿಲ್ಲವೇ? ಆದರೆ ಎರಡರ ಭಾವ ಒಂದೇ ಅಲ್ಲ. ಹೈದರನು ಹಳೆಯ ಚಿತ್ರವನ್ನು ಉಳಿಸಿದ್ದು ಜನಕ್ಕೆ ಅದು ಬೇಕಾಗಿದ್ದುದರಿಂದ. ಮೊಜಾಂಬಿಕ್‌ನವರು ಉಳಿಸಿದ್ದು ಅದನ್ನು ಕೂಡಲೆ ತೆಗೆದುಹಾಕುವ ಅನುಕೂಲವಿಲ್ಲದುದರಿಂದ. ಸ್ವಾತಂತ್ರ್ಯವು ಒಂದೇ ದಿನದಲ್ಲಿ ಬರಬಹುದು. ಹಳೆಯ ಆಳಿಕೆಯ ಸಾಮಾನು ಮನೆಯಿಂದ ಹೊರಹೋಗಲು ವರ್ಷಗಳೇ ಬೇಕಾಗುತ್ತವೆ.

ಮೂರನೆಯ ಸಾಲು ೧೯೮೦ರದು. ಆ ವರ್ಷದ ಜೂನ್ ೧೬ರಂದು ಎಸ್ಕುಡೊ ಹೋಗಿ 'ಮೆಟಿಕಲ್' ಬಂತು. ದಿನವನ್ನು ಸುಮ್ಮನೆ ಆರಿಸಿರಲಿಲ್ಲ. ೧೯೬೦ರ ಜೂನ್ ೧೬ರಂದು ಮುಯೆದಾ ಎಂಬಲ್ಲಿ ನ್ಯಾಯ ಕೇಳಲು ನೆರೆದ ಜನರ ಮೇಲೆ ಗುಂಡು ಹಾರಿತ್ತು. ಅದರ ಇಪ್ಪತ್ತನೆಯ ವರ್ಷದ ನೆನಪಿಗೆ ಹೊಸ ಹಣ. ಮೆಟಿಕಲ್ ಎಂಬ ಮಾತು ಅರಬ್ಬಿಯ 'ಮಿಸ್ಕಾಲ್' ಎಂಬುದರಿಂದ ಬಂದುದು; ಅದು ಚಿನ್ನ ತೂಗುವ ಒಂದು ತೂಕ. ನೆನಪಿಡಿರೆಂದು ಹೇಳಿದ್ದ ನಮ್ಮ ಗದ್ಯಾಣ ಇಲ್ಲಿ ಒದಗಿತು. ತೂಕವೇ ನಾಣ್ಯವಾಗುವುದು ಹಿಂದೂ ಮಹಾಸಾಗರದ ಎರಡೂ ದಂಡೆಗಳಲ್ಲಿ ನಡೆದ ಸಂಗತಿ. ೧೯೯೧ರ ಸಾವಿರದ ನೋಟಿನಲ್ಲಿ ಎದುವಾರ್ದು ಮೊಂಡ್ಲಾನೆಯ ಚಿತ್ರವಿದೆ. ಸ್ವಾತಂತ್ರ್ಯ ಹೋರಾಟದ ಸಂಘಟನೆಯ ಮೊದಲ ಅಧ್ಯಕ್ಷನಾಗಿದ್ದು, ೧೯೬೯ರಲ್ಲಿ ಪೊಟ್ಟಣದಲ್ಲಿ ಅಡಗಿಸಿ ಕಳಿಸಿದ ಬಾಂಬಿಗೆ ಬಲಿಯಾದವನು.

ನಾಲ್ಕನೆಯ ಸಾಲನ್ನು ನೋಡಿದರೆ ಸೊನ್ನೆಗಳು ಬೆಳೆಯುತ್ತ ಹೋಗುತ್ತವೆ. ೧೯೭೭ರಿಂದ ೧೯೯೨ರವರೆಗೆ ನಡೆದ ಅಂತರ್ಯುದ್ಧ ದೇಶವನ್ನು ತಿಂದುಹಾಕಿತ್ತು. ನೋಟಿನ ಮೌಲ್ಯ ಸಾವಿರ ಹೋಗಿ ಹತ್ತು ಸಾವಿರವಾಯಿತು, ಲಕ್ಷವಾಯಿತು. ೨೦೦೩ರಲ್ಲಿ ಐದು ಲಕ್ಷ ಮೆಟಿಕಲ್ಲಿನ ನೋಟೂ ಹೊರಬಂತು. ಸೊನ್ನೆ ಹೆಚ್ಚಿದಷ್ಟು ನೋಟಿನ ಬೆಲೆ ಕುಗ್ಗುತ್ತದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಟ ಬೇಕಿಲ್ಲ. ೨೦೦೬ರ ಜುಲೈ ೧ರಂದು ಮೂರು ಸೊನ್ನೆಗಳನ್ನು ಕಿತ್ತು, ಸಾವಿರ ಹಳೆಯ ಮೆಟಿಕಲ್ಲಿಗೆ ಒಂದು ಹೊಸ ಮೆಟಿಕಲ್ ಎಂದು ನಿಗದಿ ಮಾಡಿದರು. ಆ ಹೊಸ ನೋಟುಗಳ ಮುಂಬದಿಯಲ್ಲಿ ದೇಶದ ಮೊದಲ ಅಧ್ಯಕ್ಷ ಸಮೋರಾ ಮಾಶೆಲ್; ಹಿಂಬದಿಯಲ್ಲಿ ಖಡ್ಗಮೃಗ, ಜಿರಾಫೆ, ಸಿಂಹ, ಕಾಡುಕೋಣ, ಆನೆಗಳು. ದಂಡೆಯ ಹೆಣ್ಣೂ ಇಲ್ಲ, ಹಡಗುಗಳೂ ಇಲ್ಲ. ೨೦೧೧ರಿಂದ ಇಪ್ಪತ್ತು, ಐವತ್ತು, ನೂರರ ನೋಟುಗಳನ್ನು ಕಾಗದದ ಬದಲು ಪಾಲಿಮರಿನ ಹಾಳೆಯ ಮೇಲೆ ಅಚ್ಚಿಸಿದರು.

ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ: ನೋಟಿನ ಭಾಷೆ. ಅದು ಮೊದಲಿನಂತೆ ಪೋರ್ಚುಗೀಸ್. ಅಲ್ಲಿಯ ಮನೆಗಳಲ್ಲಿ ಆಡುವ ಮಖುವಾ ಮೊದಲಾದ ಹಲವು ನುಡಿಗಳಿವೆ. ಹಲವು ನುಡಿಗಳ ದೇಶಕ್ಕೆ ಒಂದು ಆಡಳಿತದ ಮಾತು ಬೇಕೆಂದು ಹಳೆಯದನ್ನೇ ಇಟ್ಟುಕೊಂಡರು. ಅವರ ಕಷ್ಟ ಅವರಿಗೆ ಗೊತ್ತು. ದೂರ ಕುಳಿತು ನಾವು ತಪ್ಪೆಣಿಸುವುದು ಸಲ್ಲದು. ಆದರೆ ಅದನ್ನು ಕಂಡಮೇಲೆ ನಮ್ಮ ನೋಟಿನ ಬೆಲೆ ಹೆಚ್ಚಾಗಿ ತಿಳಿಯುತ್ತದೆ. ನಿಮ್ಮ ಕೈಯಲ್ಲಿರುವ ನೋಟನ್ನು ಈಗಲೇ ತಿರುಗಿಸಿ ನೋಡಿರಿ. ಹಿಂದಿ, ಇಂಗ್ಲಿಷ್ ಅಲ್ಲದೆ ಹದಿನೈದು ಭಾಷೆಗಳ ಪಟ್ಟಿ ಅಲ್ಲಿದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಆರನೆಯದು ಕೊಂಕಣಿ, ಎಂಟನೆಯದು ಮರಾಠಿ, ಕೊನೆಯದು ಉರ್ದು. ಯಲ್ಲಾಪುರದ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಈ ನಾಲ್ಕೂ ನುಡಿಗಳು ಕಿವಿಗೆ ಬೀಳುತ್ತವೆ. ಅಡಿಕೆ ಸುಲಿದು ಕೂಲಿ ಪಡೆಯುವ ಹೆಣ್ಣುಮಗಳು ತನಗೆ ಕೊಟ್ಟದ್ದೆಷ್ಟು ಎಂಬುದನ್ನು ತನ್ನ ನುಡಿಯಲ್ಲಿ ಓದಿಕೊಳ್ಳಬಲ್ಲಳು. ೨೦೧೭ರಲ್ಲಿ ಬಂದ ಐವತ್ತರ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವೂ ಇದೆ. ಸಾಲದುದಕ್ಕೆ ಮೈಸೂರಿನಲ್ಲಿಯೇ ನೋಟಿನ ಮುದ್ರಣಾಲಯ ೧೯೯೬ರಿಂದ ನಡೆಯುತ್ತಿದೆ.

ಈ ಹವ್ಯಾಸಕ್ಕೆ ಕೈಹಾಕುವವರಿಗೆ ಕೆಲವು ಸೂಚನೆಗಳನ್ನು ಕೊಡುತ್ತೇನೆ. ದುಬಾರಿ ನೋಟುಗಳ ಬೆನ್ನು ಹತ್ತಬೇಡಿರಿ. ಒಂದು ದೇಶವನ್ನೋ ಒಂದು ವಿಷಯವನ್ನೋ ಆರಿಸಿಕೊಂಡು ಕಾಲಕ್ರಮದಲ್ಲಿ ಜೋಡಿಸಿರಿ. ಹರಿದ ನೋಟಿಗೆ ಅಂಟುಪಟ್ಟಿ ಹಚ್ಚಬಾರದು. ಕೊಳೆಯಾದ ನೋಟನ್ನು ತೊಳೆಯಬಾರದು, ಇಸ್ತ್ರಿ ಮಾಡಬಾರದು. ನಮ್ಮ ಮಲೆನಾಡಿನ ಮಳೆಗಾಲ ಕಾಗದಕ್ಕೆ ಪರಮಶತ್ರು. ಬೂಷ್ಟು ಹಿಡಿಯದಂತೆ ಒಳ್ಳೆಯ ಜಾತಿಯ ಪಾರದರ್ಶಕ ಹಾಳೆಯ ಚೀಲಗಳಲ್ಲಿಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿರಿಸಿ, ಬಿಸಿಲು ಬಂದ ದಿನ ನೆರಳಿನಲ್ಲಿ ಗಾಳಿಗೆ ಇಡಿರಿ. ನೋಟು ಎಲ್ಲಿಂದ ಬಂತು, ಯಾರಿಂದ ಬಂತು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದಿಡಿರಿ. ೨೦೧೬ರ ನವೆಂಬರಿನಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳ ವಿಷಯದಲ್ಲಿ ಕಾನೂನನ್ನೂ ತಿಳಿದಿರಬೇಕು. ೨೦೧೭ರ ಕಾಯಿದೆಯಂತೆ ಅಂಥವನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಗಳಿಗಾದರೆ ಇಪ್ಪತ್ತೈದರವರೆಗೆ ಅವಕಾಶವುಂಟು.

ಶಾಲೆಯ ಮಾಸ್ತರರಿಗೆ ಒಂದು ವಿಶೇಷ ವಿಜ್ಞಾಪನೆ. ನಮ್ಮ ತಾಲೂಕುಗಳ ತರಗತಿಗಳಲ್ಲಿ ಸಿದ್ದಿ ಮಕ್ಕಳು ಉಳಿದ ಮಕ್ಕಳ ಪಕ್ಕದಲ್ಲಿ ಕುಳಿತು ಓದುತ್ತಾರೆ. ಅವರ ಗುಂಗುರು ಕೂದಲನ್ನು ಕಂಡು ನಗುವ ಬೆಂಚುಗಳು ಇನ್ನೂ ಇಲ್ಲದಿಲ್ಲ. ಚರಿತ್ರೆಯ ಪಾಠದಲ್ಲಿ ಪೋರ್ಚುಗೀಸರ ಹೆಸರು ಬಂದ ದಿನ ಈ ನಾಲ್ಕು ಸಾಲಿನ ನೋಟುಗಳನ್ನು, ಅವು ಸಿಗದಿದ್ದರೆ ಅವುಗಳ ಚಿತ್ರಗಳನ್ನು, ಮೇಜಿನ ಮೇಲೆ ಹರಡಿರಿ. ಹಡಗಿನ ನೋಟಿನಿಂದ ಮಾಶೆಲನ ನೋಟಿನವರೆಗೆ ಮಕ್ಕಳೇ ಕಥೆ ಕಟ್ಟಲಿ. ಒಂದು ಕಾಲದಲ್ಲಿ ತಮ್ಮ ಪೂರ್ವಿಕರಿಗೆ ಬೆಲೆ ಕಟ್ಟಿದ ಆಳಿಕೆ ಎರಡೂ ದಂಡೆಗಳಿಂದ ತೊಲಗಿತೆಂಬುದನ್ನು, ಗೋವೆಯಿಂದ ೧೯೬೧ರಲ್ಲಿ ಮತ್ತು ಮೊಜಾಂಬಿಕ್‌ನಿಂದ ೧೯೭೫ರಲ್ಲಿ ಅದು ಗಂಟುಮೂಟೆ ಕಟ್ಟಿತೆಂಬುದನ್ನು, ಆ ಮಕ್ಕಳು ತಮ್ಮ ಕೈಯಾರೆ ಮುಟ್ಟಿ ತಿಳಿಯಲಿ. ಉಳಿದ ಮಕ್ಕಳು ತಮ್ಮ ಪಕ್ಕದಲ್ಲಿ ಕುಳಿತವರ ಮನೆತನದ ದಾರಿ ಎಷ್ಟು ದೂರದ್ದೆಂದು ತಿಳಿದು ಸ್ವಲ್ಪ ಸರಿದು ಜಾಗ ಕೊಟ್ಟರೆ, ಚಲಾವಣೆ ನಿಂತ ನೋಟಿನಿಂದಲೂ ಒಂದು ಉಪಯೋಗ ಬಂದಂತಾಯಿತು.